ವೀಳ್ಯದ ತಟ್ಟೆ ಮತ್ತು ಚೀನಾ ಬಚ್ಚಪ್ಪ

ಬಚ್ಚಪ್ಪನ ಮನೆಯಲ್ಲಿ ಸಾರು ಉಕ್ಕಿ ಒಲೆ ಆರಿಹೋದರೂ ರೇಡಿಯೋದಲ್ಲಿ ಚೀನಾದ ಸಮಾಚಾರ ಮುಗಿಯುವ ತನಕ ಆತ ಎದ್ದು ನೋಡುವುದಿಲ್ಲ ಅಂತ ಬೀದಿಯವರು ಆಡಿಕೊಳ್ಳುತ್ತಿದ್ದರು.

"ನಮ್ಮೂರ್ನಾಗೆ ನಲ್ಲಿ ನೀರು ಯಾವಾಗ ಬಿಡ್ತಾರೆ ಅಂತ ಕೇಳು, ಗೊತ್ತಿಲ್ಲ ಅಂತಾನೆ. ಚೀನಾದಾಗೆ ಸರ್ಕಾರ ಯಾವಾಗ ಬೀಳ್ತದೆ ಅಂತ ಕೇಳು, ತಾರೀಖೇ ಕೊಡ್ತಾನೆ," ಎಂದು ಎದುರು ಮನೆಯ ಪಾಪಕ್ಕ ಬಿಂದಿಗೆ ಇಟ್ಟುಕೊಂಡೇ ಹೇಳುವಳು. ನಲ್ಲಿಯ ಹತ್ತಿರ ನಿಂತವರೆಲ್ಲ ನಗುವರು. ಆ ತಾರೀಖುಗಳಲ್ಲಿ ಒಂದೂ ನಿಜವಾಗಲಿಲ್ಲ ಅನ್ನುವುದು ಬೇರೆ ಮಾತು.

ಬೂದಿಕೋಟೆಯಿಂದ ಮೂರು ಕಿಲೋಮೀಟರ್ ಆಚೆಯ ಊರು ಬಚ್ಚಪ್ಪನದು. ಇಪ್ಪತ್ತೆರಡು ವರ್ಷದವನಿದ್ದಾಗ ಕೆ.ಜಿ.ಎಫ್.ನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಆಗ ಬಸ್ಸುಗಳು ಕಡಿಮೆ. ನಂದಿದುರ್ಗ ಗಣಿಯ ಕಾರ್ಮಿಕರ ಲೈನ್ ಮನೆಗಳಲ್ಲಿ ಒಂದು ಕೋಣೆ ಹಿಡಿದ. ಪಕ್ಕದ ಮನೆಯಲ್ಲಿ ಗಣಿಗೆ ಇಳಿಯುತ್ತಿದ್ದ ಪೆರುಮಾಳ್ ಇದ್ದ. ಅವನ ಮನೆಯಲ್ಲೊಂದು ರೇಡಿಯೋ ಇತ್ತು. ಸಂಜೆಯಾದರೆ ಆ ರೇಡಿಯೋ ಗೊರಗೊರ ಎಂದು, ಸಿಳ್ಳೆ ಹೊಡೆದು, ಕೊನೆಗೆ ಚೀನಾದಿಂದ ಬರುವ ತಮಿಳು ಪ್ರಸಾರವನ್ನು ಹಿಡಿದುಕೊಡುತ್ತಿತ್ತು. ಚೀನಾದ ಹೆಂಗಸೊಬ್ಬಳು ಅಚ್ಚ ತಮಿಳಿನಲ್ಲಿ "ಅನ್ಬಾರ್ನ್ದ ನೇಯರ್ಗಳೇ", ಅಂದರೆ ಪ್ರೀತಿಯ ಕೇಳುಗರೇ, ಎಂದು ಕರೆಯುವಳು. ಬಚ್ಚಪ್ಪನಿಗೆ ಆಗ ತಮಿಳು ಬರುತ್ತಿರಲಿಲ್ಲ. ಆ ದನಿ ಕೇಳಲಿಕ್ಕೆಂದೇ ಕಲಿತ.

ಪೆರುಮಾಳನೂ ಅವನೂ ಸೇರಿ ಕೇಳುಗರ ಸಂಘ ಕಟ್ಟಿದರು. ಸಂಘವೆಂದರೆ ಅವರಿಬ್ಬರೇ. ಕಾಗದ ಬರೆದರೆ ಚೀನಾದಿಂದ ಲಕೋಟೆ ಬರುತ್ತಿತ್ತು. ಕೆಂಪು ಕಾಗದದಲ್ಲಿ ಕತ್ತರಿಸಿದ ನವಿಲು, ಬ್ಯಾಡ್ಜು, ವರ್ಷಕ್ಕೊಂದು ಕ್ಯಾಲೆಂಡರು. ಮದುವೆಯಾಗಿ ಊರಿಗೆ ಬಂದು ಬಸ್ಸಿನಲ್ಲಿ ಓಡಾಡತೊಡಗಿದ ಮೇಲೂ ಕ್ಯಾಲೆಂಡರು ತಪ್ಪಲಿಲ್ಲ. ಅದರಲ್ಲಿ ಅಕ್ಷರ ಯಾರಿಗೂ ಗೊತ್ತಾಗದು, ಅಂಕಿ ಮಾತ್ರ ಗೊತ್ತಾಗುವುದು. ಅವನ ಹೆಂಡತಿ ತಾಯಮ್ಮ ಅದರ ಮೇಲೆ ಹಸುವಿಗೆ ಗಬ್ಬದ ಸೂಜಿ ಹಾಕಿಸಿದ ದಿನ, ಕರು ಹಾಕುವ ದಿನ ಗುರುತು ಮಾಡುವಳು. ಚೀನಾದಿಂದ ಈ ಮನೆಗಾದ ಉಪಕಾರ ಅದೊಂದೇ ಎನ್ನುವಳು.

ಮೊದಮೊದಲು ಬಚ್ಚಪ್ಪನಿಗೆ ಆ ದೇಶದ ಮೇಲೆ ಬಲು ಪ್ರೀತಿ. ಬಡವರ ರಾಜ್ಯ ಅನ್ನುತ್ತಿದ್ದ. ಆಮೇಲೆ ಎಂಬತ್ತೊಂಬತ್ತನೇ ಇಸವಿ ಬಂತು. ರಾಜಧಾನಿಯ ಚೌಕದಲ್ಲಿ ನಮ್ಮ ಮಾತು ಕೇಳಿ ಎಂದು ಕೂತ ಹುಡುಗರ ಮೇಲೆ ಸೈನ್ಯ ಗುಂಡು ಹಾರಿಸಿದ ಸುದ್ದಿ ಪತ್ರಿಕೆಯಲ್ಲಿ ಓದಿದ. ಟ್ಯಾಂಕುಗಳ ಎದುರಿಗೆ ಕೈಚೀಲ ಹಿಡಿದು ಒಬ್ಬನೇ ನಿಂತವನ ಚಿತ್ರ ನೋಡಿದ. ಆವತ್ತು ಕೆಂಪು ನವಿಲನ್ನು ಗೋಡೆಯಿಂದ ತೆಗೆದ. ರೇಡಿಯೋ ಮಾತ್ರ ನಿಲ್ಲಿಸಲಿಲ್ಲ.

"ಇನ್ಯಾಕೆ ಕೇಳ್ತೀರಿ?" ಎಂದಳು ತಾಯಮ್ಮ.

"ಅವರು ಏಳ್ದೆ ಬಿಟ್ಟಿದ್ದೇನು ಅಂತ ಕೇಳ್ತೀನಿ ಕಣೇ," ಎಂದ.

ಅಲ್ಲಿಂದ ಅವನಿಗೆ ಒಂದೇ ಪ್ರಶ್ನೆ: ಇಷ್ಟು ಜನ ಇದ್ದಾರಲ್ಲ, ಇದು ಬೀಳುವುದಿಲ್ಲ ಯಾಕೆ? ರಷ್ಯಾ ಬಿದ್ದಾಗ ಇನ್ನೆರಡು ವರ್ಷ ಎಂದ. ಹಳೆ ನಾಯಕ ಸತ್ತಾಗ ಈ ಸಲ ಗ್ಯಾರಂಟಿ ಎಂದ. ಚಿನ್ನದ ಗಣಿಯೇ ಮುಚ್ಚಿತು, ಪೆರುಮಾಳ್ ಮನೆಯಲ್ಲಿ ಕೂತ, ಕೆ.ಜಿ.ಎಫ್.ನ ಆಂಡರ್ಸನ್‌ಪೇಟೆಯ ಅಂಗಡಿಗಳಲ್ಲಿ ಟಾರ್ಚು, ಗೊಂಬೆ, ಛತ್ರಿ ಎಲ್ಲವೂ ಚೀನಾದ್ದೇ ಆಯಿತು, ಅಲ್ಲಿಯ ರಾಜ್ಯಭಾರ ಮಾತ್ರ ಅಲ್ಲಾಡಲಿಲ್ಲ. "ಹೆದರಿಸ್ತಾರೆ, ಅದಕ್ಕೆ," ಎಂದು ಪೆರುಮಾಳ್ ಅಂದರೆ ಬಚ್ಚಪ್ಪ ಒಪ್ಪುತ್ತಿರಲಿಲ್ಲ. "ದಿನಾ ಬೆಳಗಾಗೆದ್ದು ನೂರು ಕೋಟಿ ಜನಾನ ಎದರ್ಸಕ್ಕೆ ಆತದಾ? ಇನ್ನೇನೋ ಅದೆ."

ಎರಡು ಸಾವಿರದ ಹದಿನೆಂಟರಲ್ಲಿ ಅಲ್ಲೊಂದು ಓಟು ನಡೆಯಿತು. ಒಬ್ಬ ಅಧ್ಯಕ್ಷ ಎರಡು ಅವಧಿಗಿಂತ ಹೆಚ್ಚು ಕೂರುವಂತಿಲ್ಲ ಎನ್ನುವ ನಿಯಮವಿತ್ತಲ್ಲ, ಅದನ್ನು ಅಳಿಸಿಹಾಕುವ ಓಟು. ಸುಮಾರು ಮೂರು ಸಾವಿರ ಪ್ರತಿನಿಧಿಗಳು ಸಾಲಾಗಿ ಹೋಗಿ ಪೆಟ್ಟಿಗೆಗೆ ಚೀಟಿ ಹಾಕಿದರು. ವಿರುದ್ಧ ಬಿದ್ದದ್ದು ಎರಡೇ ಎರಡು.

ಆ ಎರಡು ಓಟು ಬಚ್ಚಪ್ಪನ ತಲೆಗೆ ಹೊಕ್ಕಿಬಿಟ್ಟವು. ಕಂಡಕಂಡವರನ್ನು ನಿಲ್ಲಿಸಿ ಕೇಳುವನು. "ಮೂರು ಸಾವಿರದಾಗೆ ಇಬ್ಬರು. ಯಾರಿರ್ಬೋದಪ್ಪ ಆ ಇಬ್ಬರು? ಮನೇಗೋಗಿ ಎಂಡ್ತೀಗೆ ಏಳಿರ್ತಾರಾ? ಒಬ್ಬನ್ಗೆ ಇನ್ನೊಬ್ಬ ಗೊತ್ತಿರ್ಬೋದಾ?"

"ಚೀಟಿ ತಪ್ಪಾಗಿ ಒತ್ತಿರ್ತಾರೆ ಬುಡು ಮಾವ," ಎನ್ನುವಳು ಪಾಪಕ್ಕ.

ಈಗ ನಮ್ಮೂರಿನ ಹಾಲಿನ ಸಂಘದ ಮಾತು ಹೇಳಬೇಕು. ಸಂಘಕ್ಕೆ ಇಪ್ಪತ್ತೈದು ವರ್ಷದಿಂದ ವೆಂಕಟಪ್ಪನೇ ಅಧ್ಯಕ್ಷ. ಕೆಟ್ಟ ಮನುಷ್ಯನಲ್ಲ. ಯಾರ ಮನೆಯ ಮದುವೆಗೂ ಮೊದಲು ಬರುವವನು, ಸಾವಿನ ಮನೆಯಿಂದ ಕೊನೆಗೆ ಹೋಗುವವನು. ಗಟ್ಟಿಯಾಗಿ ಒಬ್ಬರಿಗೂ ಬೈದವನಲ್ಲ. ಐದು ವರ್ಷಕ್ಕೊಮ್ಮೆ ಚುನಾವಣೆ ಬರುತ್ತದೆ ಎನ್ನುವಾಗ ಸಂಘದ ಅಂಗಳದಲ್ಲಿ ಜಮಖಾನೆ ಹಾಸುತ್ತಾರೆ. ಸದಸ್ಯರು ಎಷ್ಟಿದ್ದಾರೋ ಅಷ್ಟು ಸುಣ್ಣ ಸವರಿದ ವೀಳ್ಯದೆಲೆ, ಒಂದೊಂದರ ಮೇಲೆ ಒಂದೊಂದು ಅಡಿಕೆ, ದೊಡ್ಡ ಹಿತ್ತಾಳೆ ತಟ್ಟೆಯಲ್ಲಿ ಜೋಡಿಸುತ್ತಾರೆ. ತಟ್ಟೆ ಕೈಯಿಂದ ಕೈಗೆ ಹೋಗುತ್ತದೆ. ಎಲೆ ಎತ್ತಿಕೊಂಡವನು ವೆಂಕಟಪ್ಪನಿಗೆ ಒಪ್ಪಿದಂತೆ. ಆಮೇಲೆ ಎದುರಿಗೆ ಅರ್ಜಿ ಹಾಕುವಂತಿಲ್ಲ. ತಟ್ಟೆ ಬರಿದಾಗಿ ವಾಪಸ್ ಬಂದರೆ ಊರೆಲ್ಲ ಒಂದೇ ಮಾತು ಎಂದು ಚಪ್ಪಾಳೆ. ಆಡಳಿತ ಮಂಡಳಿಯ ಹದಿಮೂರು ಸ್ಥಾನಕ್ಕೆ ವೆಂಕಟಪ್ಪನ ಹದಿಮೂರೇ ಅರ್ಜಿ, ಅವಿರೋಧ ಆಯ್ಕೆ, ಪಾಯಸದೂಟ. ಇಪ್ಪತ್ತೈದು ವರ್ಷ ತಟ್ಟೆ ಬರಿದಾಗಿಯೇ ಬಂದಿತ್ತು.

ಹದಿನೆಂಟರ ಮರುವರ್ಷ ಜಮಖಾನೆ ಹಾಸಿದರು. ಅಷ್ಟು ಹೊತ್ತಿಗೆ ಬಚ್ಚಪ್ಪ ಕೆಲಸದಿಂದ ನಿವೃತ್ತನಾಗಿ ಇನ್ನೆರಡು ಹಸು ಕಟ್ಟಿಕೊಂಡು, ಸಂಘದ ಸದಸ್ಯನಾಗಿದ್ದ. ಈ ಸಲ ಎಲೆ ಎತ್ತುವುದಿಲ್ಲ, ಓಟು ಆಗಲಿ ಅನ್ನುತ್ತೇನೆ ಎಂದು ತಾಯಮ್ಮನಿಗೆ ಹೇಳಿಯೇ ಹೋದ. ತಟ್ಟೆ ಮುಂದಿನ ಸಾಲಿನಿಂದ ಹೊರಟಿತು. ಅಲ್ಲೆಲ್ಲ ವೆಂಕಟಪ್ಪನ ಅಣ್ಣತಮ್ಮಂದಿರು, ಭಾವಮೈದುನರು. ಒಬ್ಬನಾದ ಮೇಲೆ ಒಬ್ಬ ಎತ್ತಿಕೊಂಡ. ಎರಡನೇ ಸಾಲು, ಮೂರನೇ ಸಾಲು. ಬಚ್ಚಪ್ಪನ ಹತ್ತಿರ ಬರುವಾಗ ಅರವತ್ತು ಬಾಯಿ ಅಗಿಯುತ್ತಿದ್ದವು.

ಸಂಜೆ ಮನೆಗೆ ಬಂದವನ ತುಟಿ ಕೆಂಪಗಿತ್ತು. ತಾಯಮ್ಮ ಅದನ್ನೇ ನೋಡಿದಳು.

"ಕೈ ತಾನಾಗೇ ಓಯ್ತು ಕಣೇ," ಎಂದ. "ಯಾರೂ ಎದರ್ಸಲಿಲ್ಲ. ವೆಂಕಟಪ್ಪ ನನ್ನ ಕಡೆ ನೋಡ್ಲೂ ಇಲ್ಲ. ಎಲ್ರೂ ತಗೊಂಡವ್ರೆ, ನಾನೊಬ್ಬ ಯಾಕೆ ಅಂತ… ಮೂವತ್ತು ವರ್ಷ ಚೀನಾದೋರ್ನ ಬೈದೆ, ಎದ್ದು ನಿಲ್ಲಲ್ಲ ಅಂತ. ನಾನು ಆ ಇಬ್ಬರಲ್ಲಿ ಒಬ್ಬ ಆಗ್ಲಿಲ್ಲ."

ಮೂರು ದಿನ ರೇಡಿಯೋ ಮುಟ್ಟಲಿಲ್ಲ. ನಾಲ್ಕನೇ ದಿನ ಬಸ್ಸು ಹತ್ತಿ ಪೆರುಮಾಳನ ಮನೆಗೆ ಹೋಗಿ ಹೇಳಿದ: "ಅದು ಯಾಕೆ ಬೀಳಲ್ಲ ಅಂತ ಗೊತ್ತಾಯ್ತು ಕಣೋ. ಒಬ್ಬೊಬ್ಬನೂ ತಾನೊಬ್ಬನೇ ಅಂದ್ಕೊಂಡವ್ನೆ. ತಟ್ಟೆ ಮುಂದ್ಗಡೆಯಿಂದ ಬತ್ತದೆ, ಅಷ್ಟೇ."

"ಡೇ ಬಚ್ಚಾ, ಇದನ್ನ ಕಲಿಯೋಕೆ ಐವತ್ತು ವರ್ಷ ರೇಡಿಯೋ ಬೇಕಾಯ್ತಾಡಾ?" ಎಂದು ಪೆರುಮಾಳ್ ನಕ್ಕು ಕಾಫಿ ಕೊಟ್ಟ.

ಅಲ್ಲಿಂದ ಐದು ವರ್ಷ ಬಚ್ಚಪ್ಪನಿಗೆ ಒಂದೇ ಆಸೆ. ಸಾಯುವುದರೊಳಗೆ ಊರಿನ ತಟ್ಟೆಯಲ್ಲಿ ಒಂದಾದರೂ ಎಲೆ ಉಳಿಯಬೇಕು, ಸಂಘದಲ್ಲೊಂದು ಓಟಿನ ಪೆಟ್ಟಿಗೆ ಕಾಣಬೇಕು. ಆ ನಡುವೆ ಕೊರೊನಾ ರೋಗದ ಕಾಲ ಬಂತು. ಇಪ್ಪತ್ತೆರಡರ ಕೊನೆಯಲ್ಲಿ ಚೀನಾದ ಬೀದಿಗಳಲ್ಲಿ ಜನ ಏನೂ ಬರೆಯದ ಬಿಳಿ ಹಾಳೆ ಹಿಡಿದು ನಿಂತದ್ದನ್ನು ಮೊಮ್ಮಗಳು ಲಿಖಿತ ಮೊಬೈಲಿನಲ್ಲಿ ತೋರಿಸಿದಳು. ಸ್ವಲ್ಪ ದಿನಕ್ಕೆ, ರೋಗದ ಹೆಸರಿನಲ್ಲಿ ಅಲ್ಲಿಯ ಮನೆಗಳಿಗೆ ಹಾಕಿದ್ದ ಬೀಗ ತೆಗೆದರು. "ಸರ್ಕಾರ ಬೀಳಲಿಲ್ಲ ತಾತ," ಎಂದಳು ಲಿಖಿತ. "ಬೀಗ ಬಿತ್ತಲ್ಲಮ್ಮ," ಎಂದ ಬಚ್ಚಪ್ಪ. ಅವನ ಕಾಲು ಊದತೊಡಗಿದ್ದು ಆಗಲೇ. ಎದೆ ಸೋತಿದೆ, ಹೆಚ್ಚು ನಡೆಯಬೇಡಿ ಎಂದರು ಡಾಕ್ಟರು.

ಇಪ್ಪತ್ನಾಲ್ಕರಲ್ಲಿ ಮತ್ತೆ ಚುನಾವಣೆ ಹತ್ತಿರ ಬಂತು. ನಲ್ಲಿಯ ಹತ್ತಿರ ಮುನಿನಾರಾಯಣಮ್ಮ ಒಂದು ಮಾತಾಡಿದಳು. ಗಂಡ ತೀರಿಕೊಂಡ ಮೇಲೆ ಸದಸ್ಯತ್ವವನ್ನು ತನ್ನ ಹೆಸರಿಗೆ ಮಾಡಿಸಿಕೊಂಡು ಮೂರು ಹಸುವಿನಲ್ಲಿ ಮಕ್ಕಳನ್ನು ಓದಿಸುತ್ತಿದ್ದ ಹೆಂಗಸು. "ಈ ಸಲ ಓಟು ಮಾಡ್ಲಿ, ಏನಾತದೆ?" ಎಂದಳು, ಅಷ್ಟೇ. ಮಾತು ಮಧ್ಯಾಹ್ನದೊಳಗೆ ವೆಂಕಟಪ್ಪನ ಕಿವಿಗೆ ಮುಟ್ಟಿತು. ಆತ ಕೋಪ ಮಾಡಿಕೊಳ್ಳಲಿಲ್ಲ. ಹಾಲು ಅಳೆಯುವ ಮುನಿರಾಜುವಿಗೆ, "ಆಯಮ್ಮನ ಹಾಲು ಸ್ವಲ್ಪ ಸರಿಯಾಗಿ ನೋಡಪ್ಪ," ಎಂದನಂತೆ.

ಮರುದಿನ ಮುನಿರಾಜು ಅವಳ ಹಾಲಿಗೆ ಗಟ್ಟಿತನ ನೋಡುವ ಅಳತೆ ಕಡ್ಡಿ ಇಳಿಬಿಟ್ಟು, ತಾನೊಬ್ಬನೇ ಬಗ್ಗಿ ನೋಡಿ, ಹೇಳಿದ: "ಡಿಗ್ರಿ ಬತ್ತಿಲ್ಲಕ್ಕ. ನೀರದೆ. ವಾಪಸ್ ತಗೊಂಡೋಗು."

"ನೀರಾ! ಎಲ್ಲಿ, ತೋರ್ಸು ಮತ್ತೆ."

"ತೋರ್ಸೋ ರೂಲ್ಸ್ ಇಲ್ಲ."

ಹನ್ನೊಂದು ದಿನ ಹಾಲು ವಾಪಸ್ ಬಂತು. ಹೆಪ್ಪು ಹಾಕಿದಳು, ನೆಂಟರಿಗೆ ಕೊಟ್ಟಳು, ಕರುಗಳಿಗೆ ಕುಡಿಸಿದಳು. ಹನ್ನೆರಡನೇ ದಿನ ಸಂಜೆ ಬಚ್ಚಪ್ಪನ ಜಗಲಿಗೆ ಬಂದು ಕೂತಳು.

"ಮಾವ, ಒಂದ್ ಹಸ ಮಾರಿಬುಡ್ತೀನಿ. ತಟ್ಟೆ ಬಂದಾಗ ಎಲೆ ಎತ್ಕೋತೀನಿ ಅಂತ ಹೋಗಿ ಏಳ್ತೀನಿ. ನಂಗೆ ಸಾಕಾಯ್ತು."

ಬಚ್ಚಪ್ಪ ಶುರುಮಾಡಿದ. ಮೂರು ಸಾವಿರ ಮಂದಿ, ಇಬ್ಬರು, ತಟ್ಟೆ ಮುಂದಿನಿಂದ ಬರುವುದು, ಒಬ್ಬೊಬ್ಬರೂ ತಾವೊಬ್ಬರೇ ಅಂದುಕೊಳ್ಳುವುದು. ಮುನಿನಾರಾಯಣಮ್ಮನಿಗೆ ಕಣ್ಣೀರು ಬಂತು, ಆಕಳಿಕೆಯೂ ಬಂತು. ಒಳಗೆ ರಾಗಿ ಬೀಸುತ್ತಿದ್ದ ತಾಯಮ್ಮ ಕೈ ಒರೆಸಿಕೊಂಡು ಈಚೆ ಬಂದಳು.

"ನಿಮ್ ಚೀನಾ ಅತ್ಲಾಗಿಡಿ. ಅಲ್ಲ ಕಣೇ ನಾರಾಯಣಿ, ನಾಳೆ ಬೆಳಗ್ಗೆ ನಿನ್ ಆಲು ಅರ್ಧ ನನ್ ಕ್ಯಾನಿಗೆ ಹುಯ್ಯಿ. ನನ್ದು ಅರ್ಧ ನಿನ್ ಕ್ಯಾನಿಗೆ ಹುಯ್ತೀನಿ. ಎರಡ್ರಾಗೂ ಒಂದೇ ಆಲು. ಆ ಮುನಿರಾಜು ಏನ್ ಮಾಡ್ತಾನೆ ನೋಡಾಣ."

ಬಚ್ಚಪ್ಪ ಹೆಂಡತಿಯ ಮುಖವನ್ನೇ ನೋಡುತ್ತ ಕೂತ. ಐವತ್ತು ವರ್ಷದ ಸಂಸಾರದಲ್ಲಿ ಅವಳನ್ನು ಹಾಗೆ ನೋಡಿದ್ದು ಅದೇ ಮೊದಲು ಎಂದು ಆಮೇಲೆ ತಾನೇ ಹೇಳಿಕೊಂಡ.

ಬೆಳಗ್ಗೆ ಆರೂವರೆಗೆ ಸಂಘದ ಮುಂದೆ ಸಾಲು. ಎಲ್ಲರೂ ನೋಡುತ್ತಿರುವಾಗಲೇ ತಾಯಮ್ಮ ಮೆಟ್ಟಿಲ ಮೇಲೆ ಕೂತು ಎರಡು ಕ್ಯಾನಿನ ಹಾಲನ್ನೂ ಮೂರು ಸಲ ಅದಕ್ಕೆ ಇದು, ಇದಕ್ಕೆ ಅದು ಹುಯ್ದಳು. ಮುನಿರಾಜು ಒಳಗೆ ಯಂತ್ರ ಒರೆಸುತ್ತಿದ್ದವನು ಇದನ್ನು ಕಾಣಲಿಲ್ಲ. ಮೊದಲು ತಾಯಮ್ಮ ಕ್ಯಾನು ಇಟ್ಟಳು. "ಇಪ್ಪತ್ತೆಂಟು ಡಿಗ್ರಿ. ಒಳ್ಳೇ ಹಾಲು ಅತ್ತೆ," ಎಂದ. ಹಿಂದೆಯೇ ಮುನಿನಾರಾಯಣಮ್ಮ ಇಟ್ಟಳು. ಕಡ್ಡಿ ಇಳಿಬಿಟ್ಟ. "ನೀರದೆ. ವಾಪಸ್."

ಸಾಲಿನಲ್ಲಿ ನಿಂತಿದ್ದ ಪಾಪಕ್ಕ ನಕ್ಕಳು ನೋಡಿ, ಆ ನಗು ಸಂಘದ ತಗಡಿನ ಮಾಡಿಗೆ ಬಡಿದು ವಾಪಸ್ ಬಂತು.

"ಲೋ ಮುನಿರಾಜ! ಒಂದೇ ಆಲು ಕಣ್ಲಾ ಎರಡೂ! ನಮ್ ಕಣ್ಣೆದುರ್ಗೇ ಬೆರೆಸವ್ಳೆ. ತಾಯಕ್ಕನ ಕ್ಯಾನಾಗೆ ಒಳ್ಳೇದು, ಇವಳ ಕ್ಯಾನಾಗೆ ನೀರಾ? ಕ್ಯಾನಿಗೇನಾದ್ರೂ ಜಾತಿ ಅದೇನ್ಲಾ?"

ಮುನಿರಾಜುವಿನ ಕಿವಿ ಕೆಂಪಾಯಿತು. ಹಾಲನ್ನು ಮಾತ್ರ ಆವತ್ತೂ ತೆಗೆದುಕೊಳ್ಳಲಿಲ್ಲ. ಪಾಪಕ್ಕ ಮುನಿನಾರಾಯಣಮ್ಮನ ಹತ್ತಿರ ಹೋಗಿ ತನ್ನ ಕ್ಯಾನಿನ ಮುಚ್ಚಳ ತೆಗೆದಳು. "ನನ್ದುಕ್ಕೂ ಒಂದಿಷ್ಟು ಹುಯ್ಯೇ, ನಾಳೆಗೆ ಕಾಯಾದ್ಯಾಕೆ."

ಮಾರನೆಯ ದಿನ ಐದು ಮನೆಯವರು ಬೆರೆಸಿದರು. ಅದರ ಮಾರನೆಯ ದಿನ ಹದಿನಾಲ್ಕು. ಆ ವಾರದ ಕೊನೆಗೆ ಸಂಘದ ಮೆಟ್ಟಿಲುಗಳ ಮೇಲೆ ಹೆಂಗಸರು ಸಾಲಾಗಿ ಕೂತು ಒಬ್ಬರ ಕ್ಯಾನಿನಿಂದ ಒಬ್ಬರ ಕ್ಯಾನಿಗೆ ಹುಯ್ಯುತ್ತಿದ್ದರೆ, ಯಾರ ಹಾಲು ಯಾರದು ಎಂದು ಹಸುಗಳಿಗೂ ಗೊತ್ತಾಗುವಂತಿರಲಿಲ್ಲ. ವಾಪಸ್ ಕಳಿಸುವುದಾದರೆ ಅರ್ಧ ಊರಿನ ಹಾಲನ್ನು ವಾಪಸ್ ಕಳಿಸಬೇಕು. ಹೊರಗೆ ಹಾಲಿನ ಗಾಡಿ ಹಾರನ್ ಹೊಡೆಯುತ್ತಿದೆ. ಮುನಿರಾಜು ಬೆವರು ಒರೆಸಿಕೊಂಡು ಎಲ್ಲರದನ್ನೂ ತೆಗೆದುಕೊಂಡ. ಮುನಿನಾರಾಯಣಮ್ಮನ ಹಾಲಿಗೆ ಇಪ್ಪತ್ತೆಂಟು ಡಿಗ್ರಿ ಬಂತು.

ಹಸು ಮಾರುವ ಮಾತು ಅಲ್ಲಿಗೆ ನಿಂತಿತು. ಅದಕ್ಕಿಂತ ದೊಡ್ಡದೊಂದು ಆಗಿತ್ತು. ಯಾರ ಮನಸ್ಸಿನಲ್ಲಿ ಏನಿದೆ ಎಂದು ಯಾರೂ ಬಾಯಿಬಿಟ್ಟು ಕೇಳದೆಯೇ ಇಡೀ ಊರು ಕಣ್ಣಾರೆ ನೋಡಿತ್ತು.

ಜಮಖಾನೆ ಹಾಸಿದ ಭಾನುವಾರ ನೂರ ನಲವತ್ತೆರಡು ಸದಸ್ಯರು, ನೂರ ನಲವತ್ತೆರಡು ಎಲೆ. ಹೆಚ್ಚಿನ ಸದಸ್ಯತ್ವ ಗಂಡಸರ ಹೆಸರಿನಲ್ಲೇ ಇದ್ದದ್ದರಿಂದ ಹೆಂಗಸರು ಮೋಟುಗೋಡೆಯ ಆಚೆ ನಿಂತಿದ್ದರು. ತಟ್ಟೆ ಎಂದಿನಂತೆ ಮುಂದಿನ ಸಾಲಿನಿಂದ ಹೊರಟಿತು. ಒಬ್ಬನಾದ ಮೇಲೆ ಒಬ್ಬ ಎತ್ತಿಕೊಂಡ. ಬಚ್ಚಪ್ಪ ಐದು ವರ್ಷದ ಹಿಂದೆ ಕೂತ ಜಾಗದಲ್ಲೇ ಕೂತಿದ್ದ. ತಟ್ಟೆ ಅವನ ಮಡಿಲಿಗೆ ಬಂತು. ಎರಡೂ ಕೈಯಲ್ಲಿ ತಟ್ಟೆಯ ಅಂಚು ಹಿಡಿದ. ಎಲೆ ಎತ್ತಲು ಕೈಗೆ ಬಿಡುವಿರಲಿಲ್ಲ. ಹಾಗೆಯೇ ಪಕ್ಕಕ್ಕೆ ದಾಟಿಸಿದ.

ಪಕ್ಕದಲ್ಲಿ ಪಾಪಕ್ಕನ ಗಂಡ. ಅವನ ಕೈ ಎಲೆಯ ತನಕ ಹೋಗಿತ್ತು. ಮೋಟುಗೋಡೆಯ ಆಚೆ ಯಾರೋ ಕೆಮ್ಮಿದರು. ಕೈ ವಾಪಸ್ ಬಂತು. "ಹಲ್ಲು ನೋವು," ಎಂದ ಸಣ್ಣಗೆ. ಆಮೇಲೆ ಕೂತವನು, "ನಂಗೂ ಹಲ್ಲು ನೋವು," ಎಂದ. ಮುನಿನಾರಾಯಣಮ್ಮ ಏನೂ ಹೇಳದೆ ದಾಟಿಸಿದಳು. ಹಿಂದಿನ ಸಾಲುಗಳಿಗೆಲ್ಲ ಒಂದೇ ದಿನ ಹಲ್ಲು ನೋವು ಬಂದುಬಿಟ್ಟಿತು. ತಟ್ಟೆ ಮುಂದಕ್ಕೆ ಬಂದಾಗ ಅದರಲ್ಲಿ ಎಂಬತ್ತೊಂದು ಎಲೆ ಉಳಿದಿದ್ದವು. ಚಪ್ಪಾಳೆ ಹೊಡೆಯಲು ಕೈ ಎತ್ತಿದ್ದ ವೆಂಕಟಪ್ಪನ ತಮ್ಮ ಹಾಗೆಯೇ ಕೈ ಕಟ್ಟಿಕೊಂಡ. ವೆಂಕಟಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಆಯ್ತು, ಓಟೇ ಆಗ್ಲಿ," ಎಂದ.

ಮನೆಗೆ ಬಂದ ಬಚ್ಚಪ್ಪ ತಾಯಮ್ಮನ ಮುಂದೆ ಬಾಯಿ ತೆರೆದು ನಾಲಿಗೆ ತೋರಿಸಿದ, ಶಾಲೆಯ ಹುಡುಗನ ಹಾಗೆ. ಬಿಳಿಯಾಗಿತ್ತು.

ಓಟಿನ ಫಲಿತಾಂಶ ಈಗಲೇ ಹೇಳಿಬಿಡುತ್ತೇನೆ, ಮನಸ್ಸಿನಲ್ಲಿಟ್ಟುಕೊಂಡು ಕಥೆ ಹೇಳುವುದು ನನಗೆ ಬಾರದು. ಹದಿಮೂರರಲ್ಲಿ ಒಂಬತ್ತು ಸ್ಥಾನ ಹಾಲು ಬೆರೆಸಿದವರ ಕಡೆಗೆ ಬಂದವು. ಎಲ್ಲರಿಗಿಂತ ಹೆಚ್ಚು ಓಟು, ತೊಂಬತ್ತಾರು, ಮುನಿನಾರಾಯಣಮ್ಮನಿಗೆ. ವೆಂಕಟಪ್ಪನೂ ಗೆದ್ದ, ಹತ್ತನೆಯವನಾಗಿ. ಈಗಲೂ ಸಭೆಗೆ ಬರುತ್ತಾನೆ, ಎಲ್ಲರ ಜೊತೆ ಬೆಂಚಿನ ಮೇಲೆ ಕೂರುತ್ತಾನೆ. ಹೊಸ ಮಂಡಳಿ ಮೊದಲ ದಿನವೇ ಎರಡು ತೀರ್ಮಾನ ಮಾಡಿತು. ಒಂದು, ಡಿಗ್ರಿಯನ್ನು ಹಾಲು ತಂದವರೂ ನೋಡಬೇಕು. ಇನ್ನೊಂದು, ಅಧ್ಯಕ್ಷರಾದವರು ಯಾರೇ ಆಗಲಿ ಎರಡು ಅವಧಿಗಿಂತ ಹೆಚ್ಚು ಕೂರುವಂತಿಲ್ಲ. ಎರಡನೆಯದನ್ನು ಬರೆಸಿದ್ದು ಅಧ್ಯಕ್ಷೆಯಾದ ಮುನಿನಾರಾಯಣಮ್ಮನೇ. ಎಣಿಕೆ ಮುಗಿಯುವ ತನಕ ಬಚ್ಚಪ್ಪ ಸಂಘದ ಬೇವಿನ ಮರದ ಕೆಳಗೆ ಕುರ್ಚಿಯಲ್ಲಿ ಕೂತಿದ್ದ. ಫಲಿತಾಂಶ ಕೂಗಿದಾಗ ಎದ್ದು ನಿಂತ, ಉಸಿರು ಹಿಡಿಯಿತು. ಅಲ್ಲಿಂದಲೇ ಕೆ.ಜಿ.ಎಫ್. ಆಸ್ಪತ್ರೆಗೆ ಕರೆದುಕೊಂಡು ಹೋದರು. ಮೂರನೇ ದಿನ ತೀರಿಕೊಂಡ. ಹೋಗುವ ಮುಂಚೆ ನರ್ಸಮ್ಮನಿಗೂ ತೊಂಬತ್ತಾರು ಎಂದು ಹೇಳಿದನಂತೆ.

ನನಗೆ ಹೇಳಬೇಕಾದದ್ದು ಆ ಓಟಿನ ದಿನದ ಬೆಳಗ್ಗೆಯದು.

ಪೆರುಮಾಳ್ ಮೊದಲ ಬಸ್ಸಿಗೇ ಕೆ.ಜಿ.ಎಫ್.ನಿಂದ ಬಂದಿಳಿದಿದ್ದ. ಬಚ್ಚಪ್ಪ ಸ್ನಾನ ಮಾಡಿ, ಕಾರ್ಖಾನೆಯ ಹಳೆಯ ಖಾಕಿ ಅಂಗಿ ಹಾಕಿಕೊಂಡು, ಮಂಚದ ತುದಿಯಲ್ಲಿ ಕೂತಿದ್ದ. ಕಾಲಿನ ಊತಕ್ಕೆ ಚಪ್ಪಲಿ ಹಿಡಿಯುತ್ತಿರಲಿಲ್ಲ. ಗೋಡೆಯ ಮೇಲೆ ಯಾವ ಕಾಲದ್ದೋ ಚೀನಾ ಕ್ಯಾಲೆಂಡರು, ಅದರ ಮೇಲೆ ಕರು ಹಾಕಿದ ದಿನಗಳು. ಬಾಗಿಲಿಗೆ ಕಾರೊಂದು ಬಂದು ನಿಂತಿತು. ವೆಂಕಟಪ್ಪ ಕಳಿಸಿದ್ದು, ನಡೆಯಲಾರದ ವಯಸ್ಸಾದವರನ್ನು ಕರೆತರಲಿಕ್ಕೆ.

"ಅಧ್ಯಕ್ಷರು ಕಳ್ಸವ್ರೆ ತಾತ, ಹತ್ತಿ," ಎಂದ ಡ್ರೈವರು.

"ವೆಂಕಟಪ್ಪನಿಗೆ ಏಳಪ್ಪ, ಬ್ಯಾಸರ ಮಾಡ್ಕೋಬ್ಯಾಡ ಅಂತ," ಎಂದ ಬಚ್ಚಪ್ಪ. "ನನ್ನ ಎತ್ಕೊಂಡು ಓಗೋ ದಿನ ಬತ್ತದೆ. ಆವತ್ತು ಬರ್ಲಿ, ಬ್ಯಾಡ ಅನ್ನಲ್ಲ. ಇವತ್ತು ನಡ್ಕೊಂಡು ಓತೀನಿ."

"ಡಾಕ್ಟ್ರು ಏನಂದವ್ರೆ?" ಎಂದಳು ತಾಯಮ್ಮ.

"ನಡೀಬ್ಯಾಡ ಅಂದವ್ರೆ. ಓಟು ಹಾಕ್ಬ್ಯಾಡ ಅಂದಿಲ್ವಲ್ಲ."

ತಾಯಮ್ಮ ಮೊಣಕಾಲೂರಿ ಕೂತು, ತನ್ನ ಹಳೇ ಸೀರೆಯ ಅಂಚನ್ನು ಹರಿದು, ಚಪ್ಪಲಿಯನ್ನು ಅವನ ಪಾದಕ್ಕೆ ಕಟ್ಟಿದಳು. ಪೆರುಮಾಳ್ ಒಂದು ಕಡೆ ತೋಳು ಕೊಟ್ಟ.

"ಡೇ ಬಚ್ಚಾ," ಎಂದ ಕಿವಿಯಲ್ಲಿ, "ಆ ಇಬ್ಬರು ಯಾರು ಅಂತ ಕೊನೆಗೂ ಗೊತ್ತಾಯ್ತಾಡಾ?"

ಬಚ್ಚಪ್ಪ ಕೆಳಗೆ ಗಂಟು ಬಿಗಿಯುತ್ತಿದ್ದ ಹೆಂಡತಿಯ ನೆತ್ತಿಯನ್ನು ನೋಡಿದ. ಆಮೇಲೆ ಬಾಗಿಲಾಚೆ, ಬೀದಿಯ ನಲ್ಲಿಯಲ್ಲಿ ಕ್ಯಾನು ತೊಳೆಯುತ್ತಿದ್ದ ಮುನಿನಾರಾಯಣಮ್ಮನನ್ನು ನೋಡಿದ.

"ಚೀನಾದೋರು ಗೊತ್ತಿಲ್ಲ ಕಣೋ," ಎಂದ. "ನಮ್ಮೋರು ಗೊತ್ತಾದ್ರು."

ಎದ್ದ. ಹೊಸಲಿನ ಹತ್ತಿರ ಒಂದು ಸಲ ನಿಂತು ಉಸಿರು ತೆಗೆದುಕೊಂಡ. ಪೆರುಮಾಳನ ತೋಳು ಬಿಡಿಸಿಕೊಂಡು, ಕೋಲೂರಿ, ಮೊದಲು ಬಲಗಾಲು, ಆಮೇಲೆ ಎಡಗಾಲು, ತಾನೇ ದಾಟಿದ. ಎದುರು ಜಗಲಿಯಲ್ಲಿ ರಾಗಿ ಕೇರುತ್ತಿದ್ದ ಪಾಪಕ್ಕ ಮೊರ ಕೆಳಗಿಟ್ಟು ಎದ್ದು, ಬೀದಿಯ ಆ ತುದಿಗೂ ಕೇಳುವ ಹಾಗೆ ಕೂಗಿದಳು:

"ದಾರಿ ಬುಡ್ರೋ, ಚೀನಾ ಬತ್ತಾವ್ನೆ!"